ಕಂಬ ಮುರೀತು, ರೊಟ್ಟಿ ತಡ ಆಯ್ತು

ನಮ್ಮ ಮನೆಯ ಮಾನಿಟರಿಗೆ ಏನೋ ಆಗಿದೆ ಅಂತ ನನಗೆ ಮೊದಲು ಗೊತ್ತಾದದ್ದು ಒಂದು ಲೈಟಿನ ಕಂಬದಿಂದ.

ಭಾನುವಾರ ಮಧ್ಯಾಹ್ನ. ಊಟ ಆಗಿತ್ತು, ಹೆಂಡತಿ ಮಲಗಿದ್ದಳು. ಅಂಥ ಹೊತ್ತಿನಲ್ಲಿ ನಾನು ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತೇನೆ. ನನ್ನ ವಯಸ್ಸು 41. ಹೇಳಿಕೊಳ್ಳುವಂಥ ವಿಷಯ ಅಲ್ಲ, ಆದರೆ ಇಷ್ಟು ಬರೆದ ಮೇಲೆ ಮುಚ್ಚಿಟ್ಟು ಏನು ಮಾಡೋದು. ತಿರುವಿನಲ್ಲಿ ಕಾರನ್ನು ಎಡಕ್ಕೆ ಹೊರಳಿಸಿದೆ. ರಸ್ತೆ ಬದಿಯ ಕಂಬ ನಡು ಮುರಿದು ಎರಡಾಯಿತು. ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಎರಡು ಬೆರಳು ಆಚೆ. ನಾನು ಗುದ್ದಿರಲಿಲ್ಲ. ಮುಂದಿನ ಕಂಬವೂ ಹಾಗೇ, ಅದರ ಮುಂದಿನದೂ ಹಾಗೇ. ಗಾಬರಿಯಾಗಿ ಕಾರು ನಿಲ್ಲಿಸಿದೆ. ಕಂಬಗಳೆಲ್ಲ ನೆಟ್ಟಗೆ ನಿಂತಿದ್ದವು, ಏನೂ ಗೊತ್ತಿಲ್ಲದ ಹುಡುಗರ ಹಾಗೆ.

ಸೋಮವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ಮಾನಿಟರನ್ನು ಚಾದರದಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ನಡುವೆ ನಿಲ್ಲಿಸಿಕೊಂಡು ಹುಬ್ಬಳ್ಳಿಯ ವಿದ್ಯಾನಗರದಿಂದ ಕೊಪ್ಪಿಕರ್ ರಸ್ತೆ ಕಡೆ ಹೊರಟೆ. ಜಿಟಿಜಿಟಿ ಮಳೆ ಬೇರೆ. ಚನ್ನಮ್ಮ ಸರ್ಕಲ್ಲಿನಲ್ಲಿ ನಿಲ್ಲಬೇಕಾಯಿತು. ಪಕ್ಕದ ಆಟೋದಲ್ಲಿದ್ದ ಹಿರಿಯರೊಬ್ಬರು ಚಾದರ ಸುತ್ತಿದ ಚೌಕಟ್ಟನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಯಾರು ಹೋದ್ರಪಾ?" ಅಂದರು ಮೆಲ್ಲಗೆ.

"ಯಾರೂ ಇಲ್ರೀ ಅಜ್ಜಾರ. ಕಂಪ್ಯೂಟರ್ ಐತಿ."

ಅವರಿಗೆ ನಂಬಿಕೆ ಬರಲಿಲ್ಲ. ಆಟೋ ಹೊರಡುವ ತನಕ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.

ರಿಪೇರಿ ಅಂಗಡಿಯ ಹುಡುಗ ಚಾದರ ಬಿಚ್ಚಿದ. "ಏನಾಗೇತ್ರಿ?"

"ಆಟ ಆಡೋವಾಗ ಚಿತ್ರ ಹರೀತೈತ್ರಿ."

"ಹರೀಲಿ ಬಿಡ್ರಿ. ನೀರಿನಂಗ ಹರದ್ರ ಚಲೋನ ಅಲ್ಲೇನ್ರಿ?"

"ಹಂಗ ಹರಿಯೋದಲ್ರೀ. ಅಂಗಿ ಹರೀತೈತಲ್ಲ, ಹಂಗ."

ಅವನು ಪರದೆಯ ಮೇಲೆ ಬೆರಳಾಡಿಸಿ ನೋಡಿದ. ಎಲ್ಲೂ ಹರಿದಿರಲಿಲ್ಲ. ತನ್ನ ಕಂಪ್ಯೂಟರಿಗೆ ಜೋಡಿಸಿ ಒಂದು ಫೋಟೋ ತೆರೆದ. ಜೋಗ ಜಲಪಾತ. ನೀರು ಬೀಳುತ್ತಾ ನಿಂತಲ್ಲೇ ನಿಂತಿತ್ತು. "ನೋಡ್ರಿ, ಹೆಂಗ ಹರಿಯಾಕತ್ತೈತಿ" ಅಂದ. ಚೆಕಿಂಗ್ ಚಾರ್ಜು 200 ರೂಪಾಯಿ. ತಪ್ಪು ಅವನದಲ್ಲ. ನಿಂತ ಚಿತ್ರದಲ್ಲಿ ಕಂಬ ಮುರಿಯೋದಿಲ್ಲ ಅಂತ ನನಗಾದರೂ ಎಲ್ಲಿ ಗೊತ್ತಿತ್ತು?

ಗೊತ್ತಿದ್ದವನು ನಮ್ಮ ಅಕ್ಕನ ಮಗ. ಧಾರವಾಡದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹಾಸ್ಟೆಲ್ ಊಟ ಬೇಜಾರಾಯಿತು ಅಂತ ಶನಿವಾರ ಚಿಗರಿ ಬಸ್ ಹತ್ತಿ ನಮ್ಮ ಮನೆಗೆ ಬರುತ್ತಾನೆ. ಅವ್ವ ಅವನಿಗೆ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡುತ್ತಾಳೆ. ನನಗೂ ಮಾಡುತ್ತಾಳೆ, ಆದರೆ ಅವನು ಬಂದ ದಿನ ಎಣ್ಣೆ ಸ್ವಲ್ಪ ಮುಂದೆ.

ಕಂಬದ ಕಥೆ ಕೇಳಿ ಅವನು ನಕ್ಕ. "ಮಾಮಾ, ಮಾನಿಟರ್ ಕೆಟ್ಟಿಲ್ಲ. ಅದಕ್ಕ ಟಿಯರಿಂಗ್ ಅಂತಾರ. ಹೊಸಾದು ತಗೋಳೋದಿದ್ರ ಅಡಾಪ್ಟಿವ್ ಸಿಂಕ್ ಇರೋದು ತಗೋ."

"ಅದೇನು?"

ಅವನು ಒಲೆಯ ಕಡೆ ನೋಡಿದ, ತನ್ನ ತಾಟಿನ ಕಡೆ ನೋಡಿದ. "ರೊಟ್ಟಿ ಬಡಿಯೋ ಅಜ್ಜಿ ಅಂದ್ರ ಕಂಪ್ಯೂಟರಿನಾಗ ಚಿತ್ರ ತಯಾರ ಮಾಡೋ ಗ್ರಾಫಿಕ್ಸ್ ಕಾರ್ಡ್. ತಾಟು ಹಿಡಕೊಂಡ ನೀ ಅಂದ್ರ ಮಾನಿಟರ್."

ಅಲ್ಲಿಂದ ಮುಂದೆ ಎಲ್ಲಾ ಸಲೀಸಾಗಿ ತಲೆಗೆ ಹೋಯಿತು. ನನ್ನದು 60 ಹರ್ಟ್ಜ್ ಮಾನಿಟರ್. ಅಂದರೆ ಸೆಕೆಂಡಿಗೆ 60 ಸಲ, ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ, ತಾಟು ಮುಂದೆ ಚಾಚುತ್ತದೆ. ಗಡಿಯಾರ ನೋಡಿಕೊಂಡು. ಆದರೆ ರೊಟ್ಟಿ ಬಡಿಯೋರು ಗಡಿಯಾರ ನೋಡ್ತಾರಾ? ಖಾಲಿ ರಸ್ತೆ ಬಂದರೆ ನನ್ನ ಕಾರ್ಡ್ ಪಟಪಟ ಅಂತ ಸೆಕೆಂಡಿಗೆ 80 ಚಿತ್ರ (ಒಂದೊಂದಕ್ಕೂ ಫ್ರೇಮ್ ಅಂತಾರೆ) ಬಡಿದು ಹಾಕುತ್ತದೆ. ಪೇಟೆ, ಮಳೆ, ಹತ್ತು ಕಾರು ಎಲ್ಲಾ ಒಟ್ಟಿಗೆ ಬಂದರೆ 50ಕ್ಕೆ ಇಳಿಯುತ್ತದೆ. ಮಾನಿಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬಿಡಿಸುತ್ತದೆ. ಅರ್ಧ ಬಿಡಿಸುವಷ್ಟರಲ್ಲಿ ಹೊಸ ಚಿತ್ರ ಬಂದು ಬಿದ್ದರೆ ಮೇಲರ್ಧ ಹಳೇದು, ಕೆಳಗರ್ಧ ಹೊಸದು. ಕಂಬ ಮುರಿಯೋದು ಅಲ್ಲಿ.

ಇದಕ್ಕೆ ವಿ-ಸಿಂಕ್ ಅಂತ ಹಳೇ ಮದ್ದು ಒಂದಿದೆ. ಪೂರ್ತಿ ಬೆಂದ ರೊಟ್ಟಿಯನ್ನೇ ಬಡಿಸಬೇಕು, ಅದೂ ತಾಟು ಬಂದ ಹೊತ್ತಿಗೆ ಮಾತ್ರ. ಕಂಬ ಮುರಿಯೋದಿಲ್ಲ, ಖರೆ. ಆದರೆ ರೊಟ್ಟಿ ಒಂದು ಮಿಲಿಸೆಕೆಂಡ್ ತಡವಾದರೂ ಇನ್ನೊಂದು ಸರದಿ ಪೂರ್ತಿ ಕಾಯಬೇಕು. ಅಲ್ಲಿ ತನಕ ಹಳೇ ಚಿತ್ರವನ್ನೇ ನೋಡುತ್ತಾ ಕೂರಬೇಕು. ಆಟ ಎಡವಿ ಎಡವಿ ನಡೆಯುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿದರೆ ಕಾರು ಕೇಳಿಸಿಕೊಂಡು, ವಿಚಾರ ಮಾಡಿ, ಆಮೇಲೆ ತಿರುಗುತ್ತದೆ. ಅಷ್ಟರಲ್ಲಿ ಗೋಡೆ ಬಂದಿರುತ್ತದೆ.

ಅಡಾಪ್ಟಿವ್ ಸಿಂಕ್‌ನಲ್ಲಿ ತಾಟು ಗಡಿಯಾರ ನೋಡೋದು ಬಿಟ್ಟು ಹಂಚಿನ ಕಡೆ ನೋಡುತ್ತದೆ. ರೊಟ್ಟಿ ಎದ್ದಾಗ ತಾಟು ಬರುತ್ತದೆ. 53 ಬಡಿದರೆ 53 ಸಲ, 78 ಬಡಿದರೆ 78 ಸಲ. ಇಷ್ಟೇ.

ಅವ್ವ ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದಳು. ಹಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿ, ತಿರುಗಿಸದೆ, ನಮ್ಮ ಕಡೆ ತಿರುಗಿದಳು. "ಅಂದ್ರ ನಾ ರೊಟ್ಟಿ ತಡಾ ಮಾಡ್ತೀನಿ ಅಂತ ಹೇಳಾಕತ್ತೀರೇನು ಇಬ್ರೂ?"

ಅವತ್ತು ನಮ್ಮ ಫ್ರೇಮ್ ರೇಟ್ ಎರಡು ರೊಟ್ಟಿಗೇ ನಿಂತಿತು.

ಮುಂದಿನ ಹದಿನೈದು ದಿನ ನಾನು ಮಾನಿಟರ್ ಬಿಟ್ಟು ಬೇರೆ ಏನೂ ಓದಲಿಲ್ಲ. 2013ರಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾಡುವ ಎನ್‌ವಿಡಿಯಾ ಕಂಪನಿ ಇದೇ ಕೆಲಸಕ್ಕೆ ಜಿ-ಸಿಂಕ್ ತಂದಿತು. ಮಾನಿಟರಿನ ಹೊಟ್ಟೆಯೊಳಗೆ ತನ್ನದೇ ಒಂದು ಬೋರ್ಡ್ ಕೂರಿಸುತ್ತಿತ್ತು, ಹೀಗಾಗಿ ರೇಟು ಜಾಸ್ತಿ. 2014ರಲ್ಲಿ, ಪರದೆಗಳಿಗೆ ನಿಯಮ ಬರೆಯುವ ವೆಸಾ ಎಂಬ ಸಂಸ್ಥೆ ಅಡಾಪ್ಟಿವ್ ಸಿಂಕನ್ನು ಡಿಸ್‌ಪ್ಲೇಪೋರ್ಟ್ ಎಂಬ ಕೇಬಲ್ ಜೋಡಣೆಯ 1.2ಎ ನಿಯಮದಲ್ಲೇ ಸೇರಿಸಿತು. ಎನ್‌ವಿಡಿಯಾದ ಎದುರಾಳಿ ಎಎಂಡಿ ಅದನ್ನೇ ಹಿಡಿದು ಫ್ರೀಸಿಂಕ್ ಅಂತ ಹೆಸರಿಟ್ಟು ನಡೆಸಿತು. ಐದು ವರ್ಷ ಇಬ್ಬರದೂ ಬೇರೆ ಬೇರೆ ಒಲೆ. 2019ರ ಜನವರಿಯಲ್ಲಿ ಎನ್‌ವಿಡಿಯಾ ಮನಸ್ಸು ಬದಲಿಸಿ, ಅಡಾಪ್ಟಿವ್ ಸಿಂಕ್ ಮಾನಿಟರುಗಳಿಗೂ ತನ್ನ ಕಾರ್ಡ್ ಹೊಂದುತ್ತದೆ ಅಂದಿತು. ಅದಕ್ಕೂ ಮೊದಲು 400 ಮಾನಿಟರುಗಳನ್ನು ಪರೀಕ್ಷೆಗೆ ಕೂರಿಸಿತ್ತಂತೆ. ಪಾಸಾದದ್ದು 12. ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಗಣಿತ ನೆನಪಾಗಿ ಫೇಲಾದ 388ರ ಮೇಲೆ ನನಗೆ ವಿಶೇಷ ಪ್ರೀತಿ ಬಂತು.

ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ. "ರೀ, ನಿಮ್ಮ ಆಟದಾಗ ನೀವು ಎಷ್ಟನೇ ನಂಬರ್ ಬರ್ತೀರಿ?"

ಹತ್ತು ಕಾರಿನಲ್ಲಿ ಒಂಬತ್ತನೇದು. ಅದಕ್ಕೂ ಕಂಬಕ್ಕೂ ಸಂಬಂಧ ಇಲ್ಲ ಅಂತ ಅವಳಿಗೆ ತಿಳಿಸಿ ಹೇಳೋದು ಕಷ್ಟ.

ಕೊನೆಗೆ ಅಂಗಡಿಗೆ ಹೋದೆ. ಗೋಡೆ ತುಂಬಾ ಮಾನಿಟರುಗಳು. ಎಲ್ಲದರಲ್ಲೂ ಒಂದೇ ಮೀನು ನಿಧಾನವಾಗಿ ಈಜುತ್ತಿತ್ತು. ಮೀನಿಗೆ ಅವಸರವೇ ಇರಲಿಲ್ಲ. ಇಂಥ ಮೀನು ಬಿಟ್ಟರೆ ಯಾವ ಮಾನಿಟರ್ ಆದರೂ ಚಲೋನೇ ಕಾಣುತ್ತದೆ. ನನಗೆ ಒಂದು ಕಂಬ ಬೇಕಿತ್ತು. "ಇದರಾಗ ಕಂಬ ತೋರಸ್ರಿ" ಅಂದೆ. ಸೇಲ್ಸ್‌ಮನ್ ಗೋಡೆಗೆ ಹಾಕುವ ಸ್ಟ್ಯಾಂಡ್ ತಂದು ತೋರಿಸಿದ.

ಎರಡು ಡಬ್ಬಿ ಮುಂದೆ ಇಟ್ಟ. ಎರಡರ ಮೇಲೂ ಅಡಾಪ್ಟಿವ್ ಸಿಂಕ್ ಅಂತ ಅದೇ ಅಕ್ಷರ, ಅದೇ ಬಣ್ಣ. ಒಂದು 75 ಹರ್ಟ್ಜ್, ಇನ್ನೊಂದು 144. ನಡುವೆ ಅಂತರ 2,500 ರೂಪಾಯಿ. ಸಿಂಕ್ ಎರಡರಲ್ಲೂ ಇದೆ ಅಂದಮೇಲೆ ಸುಮ್ನೆ ಯಾಕೆ ಜಾಸ್ತಿ ಕೊಡಬೇಕು ಅಂತ ಕಡಿಮೆಯದಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಅಳಿಯ ಫೋನಿನಲ್ಲಿ ಕೂಗಿದ.

"ರೇಂಜ್ ನೋಡು ಮಾಮಾ, ರೇಂಜ್! ಎಷ್ಟರಿಂದ ಎಷ್ಟರ ಮಟ ಅಂತ ಬರದಿರ್ತಾರ."

ಒಂದು 48ರಿಂದ 75. ಇನ್ನೊಂದು 48ರಿಂದ 144. ಅಂದರೆ ತಾಟಿಗೂ ತಾಳ್ಮೆಗೆ ಒಂದು ಮಿತಿ ಇದೆ. ಕಾರ್ಡ್ 48ಕ್ಕಿಂತ ಕೆಳಗೆ ಬಿದ್ದರೆ ಅದು ಕಾಯೋದಿಲ್ಲ.

"ನನ್ನ ಕಾರ್ಡ್ ಒಮ್ಮೊಮ್ಮೆ 40ಕ್ಕ ಬೀಳತೈತಿ. ಆವಾಗ?"

"ಆವಾಗ ಅದ ಚಿತ್ರಾನ ಎರಡೆರಡು ಸಲ ತೋರಸ್ತೈತಿ. 40 ಬಂದ್ರ 80 ಅಂತ ನಡಸ್ತೈತಿ. 75ರ ಡಬ್ಬಿಗೆ 80 ಎಲ್ಲಿಂದ ಬರಬೇಕು?"

ಈ ಒಂದು ಲೆಕ್ಕಕ್ಕೆ ನಾನು 2,500 ಕೊಟ್ಟೆ. ಇವತ್ತಿಗೂ ಕೊಟ್ಟದ್ದಕ್ಕೆ ಬೇಜಾರಿಲ್ಲ. ಗೇಮಿಂಗ್ ಅಂತ ಮಾರುವ ಮಾನಿಟರುಗಳಲ್ಲಿ ಈಗ ಸಿಂಕ್ ಇಲ್ಲದ್ದನ್ನು ಹುಡುಕೋದೇ ಕಷ್ಟ. ಆ ಹೆಸರಿಗೆ ಅಂತ ದುಡ್ಡು ಕೊಡೋದು ಉಪ್ಪಿನಕಾಯಿಯಲ್ಲಿ ಉಪ್ಪು ಇದೆಯಾ ಅಂತ ಕೇಳಿದ ಹಾಗೆ.

ಹೊಸ ಮಾನಿಟರ್ ಬಂತು. ಜೋಡಿಸಿದೆ. ಆಡಿದೆ. ಆಹಾ! ಏನು ನುಣುಪು! ಸಂಜೆ ಉಣಕಲ್ ಕೆರೆ ಹತ್ತಿರ ಗೆಳೆಯರ ಜೊತೆ ಗಿರಮಿಟ್ ತಿನ್ನುವಾಗ ಭಾಷಣ ಮಾಡಿದೆ. "ಹಳೇದಕ್ಕೂ ಇದಕ್ಕೂ ಭೂಮಿ ಆಕಾಶದ ಫರಕ್ ಐತಿ. ಒಮ್ಮೆ ಸಿಂಕ್ ನೋಡಿದ ಕಣ್ಣು ಮತ್ತ ಹಿಂದಕ್ಕ ಹೋಗೂದಿಲ್ಲ." ಒಬ್ಬ ಗೆಳೆಯ ಮಿರ್ಚಿ ಕಚ್ಚುವುದು ಬಿಟ್ಟು ಕೇಳಿದ. ಇನ್ನೊಬ್ಬ ತಾನೂ ಕೊಳ್ಳುತ್ತೇನೆ ಅಂದ. ಒಂದು ತಿಂಗಳು ಹೀಗೆ ನಡೆಯಿತು.

ದೀಪಾವಳಿ ರಜೆಗೆ ಅಳಿಯ ಬಂದ. ಕುರ್ಚಿ ಎಳೆದು ಕೂತ. ಒಂದು ಸುತ್ತು ಆಡಿದ. ಏನೂ ಮಾತಾಡಲಿಲ್ಲ. ಸೆಟ್ಟಿಂಗ್ಸ್ ತೆರೆದ.

"ಮಾಮಾ, ಇದು 60ರಾಗ ಐತಿ."

"ಯಾವುದು 60?"

"144ರ ಮಾನಿಟರ್. ವಿಂಡೋಸ್‌ನಾಗ ನೀ ಬದಲಿನ ಮಾಡಿಲ್ಲ."

ಆಮೇಲೆ ಮಾನಿಟರಿನ ಹಿಂದೆ ಕೈ ಹಾಕಿ ತಡಕಾಡಿದ. ಅಲ್ಲಿ ಹುಣಸೆ ಬೀಜದಷ್ಟು ಒಂದು ಗುಂಡಿ ಇತ್ತಂತೆ. ನಾನು ಅದನ್ನು ಸ್ಕ್ರೂ ಅಂದುಕೊಂಡಿದ್ದೆ. ಒತ್ತಿದರೆ ಪರದೆ ಮೇಲೆ ಮೆನು ಬಂತು. ಅಡಾಪ್ಟಿವ್ ಸಿಂಕ್: ಆಫ್. ಅಷ್ಟೇ ಅಲ್ಲ. ನನ್ನ ಹಳೇ ಎನ್‌ವಿಡಿಯಾ ಕಾರ್ಡಿಗೆ ಈ ಸಿಂಕ್ ಬೇಕಾದರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಹಾಕಬೇಕು. ನಾನು ಹಾಕಿದ್ದು ಎಚ್‌ಡಿಎಂಐ, ಹಳೇ ಮಾನಿಟರಿನದೇ, ಹೊಸದು ಹಾಳಾದೀತು ಅಂತ.

"ಮತ್ತ ಕಂಬ?" ಅಂದೆ.

ಅವನು ಆಟ ಹಾಕಿ ತೋರಿಸಿದ. ಕಂಬಗಳು ಟಕಟಕ ಮುರಿಯುತ್ತಿದ್ದವು. ಒಂದು ತಿಂಗಳಿಂದ ಮುರಿಯುತ್ತಲೇ ಇದ್ದವು. ದುಡ್ಡು ಕೊಟ್ಟ ಕಣ್ಣಿಗೆ ಅದು ಕಂಡಿರಲಿಲ್ಲ.

ಕೇಬಲ್ ತಂದೆ, ಗುಂಡಿ ಒತ್ತಿದೆ, 144 ಮಾಡಿದೆ. ಸಿಂಕ್ ಆನ್ ಆದ ಮೊದಲ ರಾತ್ರಿ, ಆಟದ ಕತ್ತಲೆ ಸುರಂಗದಲ್ಲಿ ಪರದೆ ಮಿಣಮಿಣ ಅನ್ನತೊಡಗಿತು. ವೋಲ್ಟೇಜ್ ಕಡಿಮೆ ಅಂದುಕೊಂಡು ಲೈನ್‌ಮನ್‌ಗೆ ಫೋನ್ ಮಾಡಿದೆ. ಪಾಪ, ಅವರು ಬಂದು ಮೀಟರ್ ನೋಡಿ ಹೋದರು. ನನ್ನ ಮಾನಿಟರಿನದು ವಿಎ ಪ್ಯಾನೆಲ್, ಅದೊಂದು ಜಾತಿಯ ಪರದೆ. ಅಂಥವುಗಳಲ್ಲಿ ಕೆಲವು, ಫ್ರೇಮ್ ಏರಿಳಿತ ಜೋರಾದಾಗ, ಕತ್ತಲೆಯ ಚಿತ್ರದಲ್ಲಿ ಹೀಗೆ ಮಿಣುಗುತ್ತವೆ ಅಂತ ಆಮೇಲೆ ಓದಿದೆ. ಲೈನ್‌ಮನ್‌ಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಇಷ್ಟಾದ ಮೇಲೆ ಅಳಿಯನಿಗೆ ನನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು. ಪರೀಕ್ಷೆ ಇಡ್ತೀನಿ ಅಂದ. ನಾನು ಆಚೆ ಮುಖ ಮಾಡಿದಾಗ ಅವನು ಸಿಂಕ್ ಹಾಕುವುದೋ ತೆಗೆಯುವುದೋ ಮಾಡಬೇಕು, ನಾನು ನೋಡಿ ಹೇಳಬೇಕು. ಮೊದಲು ಒಂದು ಹಳೇ ಹಗುರ ಆಟ. ನನ್ನ ಕಾರ್ಡ್ ಅದರಲ್ಲಿ ಆರಾಮಾಗಿ 140 ಫ್ರೇಮ್ ಕೊಡುತ್ತದೆ. ಹತ್ತರಲ್ಲಿ ಐದು ಸರಿ ಹೇಳಿದೆ. "ನಾಣ್ಯ ಚಿಮ್ಮಿದ್ರೂ ಐದು ಬರ್ತಾವ ಮಾಮಾ" ಅಂದ.

ಗದ್ದಲ ಕೇಳಿ ಅವ್ವ ಬಂದಳು. ಎರಡೂ ಕಣ್ಣಿನ ಪೊರೆ ತೆಗೆಸಿ ವರ್ಷವಾಗಿದೆ. ಅವಳನ್ನೂ ಕೂರಿಸಿದ. "ಎರಡೂ ಒಂದ ಐತಿ. ನನ್ನ ಸೀರಿಯಲ್ ಹೊತ್ತು ಹಾಳು ಮಾಡಬ್ಯಾಡ್ರಿ" ಅಂದಳು.

ಆಮೇಲೆ ನನ್ನ ಕಾರ್ ರೇಸ್ ಹಾಕಿದ. ಮಳೆ, ಪೇಟೆ, ಹತ್ತು ಕಾರು. ಫ್ರೇಮ್ 50, 62, 55 ಅಂತ ಏರಿ ಇಳಿಯುತ್ತಿತ್ತು. ನಾನು ಹತ್ತಕ್ಕೆ ಎಂಟು ಹೇಳಿದೆ, ಅದೂ ಮೂಗನ್ನು ಗಾಜಿಗೆ ತಾಗಿಸಿ. ಅವ್ವ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ಬೆಳ್ಳುಳ್ಳಿ ಸುಲಿಯುತ್ತಾ, ಹತ್ತಕ್ಕೆ ಹತ್ತು ಹೇಳಿದಳು.

"ಅಜ್ಜೀ, ಹೆಂಗ ಗೊತ್ತಾತು?"

"ಗೊತ್ತಾಗೋದೇನೈತಿ? ಕಂಬ ಮುರದಾವಲ್ಲೋ." ಬೆಳ್ಳುಳ್ಳಿ ಸಿಪ್ಪೆ ಊದಿದಳು. "ನಿಮ್ಮ ಮಾಮಾ ಯಾವತ್ತಿದ್ರೂ ಗುದ್ದಿದ ಮ್ಯಾಲ ನೋಡೂದು."

ಹಳೇ ಮಾನಿಟರನ್ನು ಅಳಿಯನಿಗೇ ಕೊಟ್ಟೆ. ಹಾಸ್ಟೆಲ್ಲಿಗೆ ಆಗುತ್ತದೆ, ಬರೆಯೋದು ಓದೋದಕ್ಕೆ 60 ಧಾರಾಳ ಸಾಕು ಅಂದ. ಅದೇ ಚಾದರದಲ್ಲಿ ಸುತ್ತಿಕೊಂಡು ಚಿಗರಿ ಹತ್ತಿದ. ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಬಿಟ್ಟುಕೊಟ್ಟರಂತೆ. ಎರಡು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಹಿಂದೆ ಕಾರಿನ ಸದ್ದು ಕೇಳುತ್ತಿತ್ತು.

"ಮಾಮಾ, ಹರಿಯಾಕತ್ತೈತಿ."

"ನೀರಿನಂಗೋ, ಅಂಗಿಯಂಗೋ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಹೊಸಾ ಮಾನಿಟರಿನ ಡಬ್ಬಿ ಇನ್ನಾ ಐತೇನು?" ಅಂದ.