ತಮಟೆ ಬಡಿಯುವವರ ಮನೆಯಲ್ಲಿ ಸಂಗೀತ ಇಲ್ಲವೇ?

ಹೋದ ವರ್ಷ ಒಂದು ಊರಿಗೆ ಸಂಗೀತದ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದೆ. ಊರಿನ ಹೆಸರು, ಪರೀಕ್ಷೆ ನಡೆಸಿದವರ ಹೆಸರು ಬೇಡ. ಇದು ಆ ಒಂದು ಊರಿನ ಮಾತಲ್ಲ. ಮೇಜಿನ ಹಿಂದೆ ನಾವು ಮೂವರು ಪರೀಕ್ಷಕರು, ಪಕ್ಕದಲ್ಲಿ ಶ್ರುತಿಪೆಟ್ಟಿಗೆ, ಹೊರಗಿನ ಜಗಲಿಯಲ್ಲಿ ಸಾಲಾಗಿ ಕೂತ ಮಕ್ಕಳು.

ಊಟ ಮುಗಿದ ಮೇಲೆ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಯೊಬ್ಬಳು ಬಂದಳು. ಝಂಪೆ ತಾಳದ ಅಲಂಕಾರ, ಅಂದರೆ ಆ ತಾಳಕ್ಕೆ ಕೂಡಿಸಿದ ಸ್ವರಪಾಠ, ಕೇಳಿದೆವು. ಒಂದು ತಟ್ಟು, ಆಮೇಲೆ ಬೆರಳೆಣಿಕೆ ಎಂದು ಸಾಗುವ ಏಳೆಣಿಕೆಯ ಲಘು ಮುಗಿದ ಕೂಡಲೇ ಒಂದೇ ಒಂದು ತಟ್ಟಿನ ಅನುದ್ರುತ ಬರುತ್ತದಲ್ಲ, ಮಕ್ಕಳು ಎಡವುವುದೇ ಅಲ್ಲಿ. ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ, ಬರುವಷ್ಟರಲ್ಲಿ ಕೈ ಒಂದು ಕಡೆ, ಬಾಯಿ ಒಂದು ಕಡೆ ಆಗಿರುತ್ತದೆ. ಈ ಹುಡುಗಿ ಮೂರು ಕಾಲದಲ್ಲೂ ಹೇಳಿದಳು. ಒಂದು ಎಣಿಕೆ ಆಚೀಚೆ ಆಗಲಿಲ್ಲ. ತೊಡೆಯ ಮೇಲೆ ಬೀಳುವ ಆ ಕೈಯನ್ನು ನೋಡುತ್ತಾ ನಾನು ಅಂಕ ಹಾಕುವುದನ್ನೇ ಮರೆತಿದ್ದೆ.

ಆಮೇಲೆ ಒಂದು ದೇವರನಾಮ ಹಾಡಿದಳು. 'ಹರಿ' ಎನ್ನುವ ಕಡೆ 'ಅರಿ' ಬಂತು, 'ಆನಂದ' ಎನ್ನುವ ಕಡೆ 'ಹಾನಂದ' ಬಂತು. ನನ್ನ ಪಕ್ಕದಲ್ಲಿದ್ದ ಹಿರಿಯರು ಪೆನ್ನು ಕೆಳಗಿಟ್ಟು, "ಮನೇಲಿ ಯಾರಿಗಾದರೂ ಸಂಗೀತ ಬರುತ್ತೇನಮ್ಮಾ?" ಎಂದು ಕೇಳಿದರು.

"ನಮ್ಮಪ್ಪ ತಮಟೆ ಬಡೀತಾರೆ ಸಾರ್."

"ಅಂದ್ರೆ ಸಂಗೀತದ ಹಿನ್ನೆಲೆ ಇಲ್ಲ. ಪರವಾಗಿಲ್ಲ ಬಿಡು, ಪ್ರಯತ್ನಪಟ್ಟಿದ್ದೀಯ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು, ಮಗುವಿಗೆ ಧೈರ್ಯ ಹೇಳಲೆಂದೇ ಆಡಿದ್ದು. ಆದರೆ ಆ ಹುಡುಗಿಯ ಮುಖ ಸಣ್ಣಗಾಯಿತು. ನಾನು ಬಾಯಿ ಬಿಡಲಿಲ್ಲ. "ಸಾರ್, ಆ ಝಂಪೆ ಎಲ್ಲಿಂದ ಬಂತು ಅಂದುಕೊಂಡಿರಿ? ಅವಳ ಅಪ್ಪನ ಕೈಯಿಂದ ಬಂದದ್ದು" ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಆ ತಪ್ಪು ಇವತ್ತಿಗೂ ಚುಚ್ಚುತ್ತಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉಚ್ಚಾರಣೆಯ ಅಂಕ ಕಡಿತವಾಯಿತು. ಸಾಹಿತ್ಯಶುದ್ಧಿ ಬೇಕು, ನಾನೂ ನನ್ನ ಮಕ್ಕಳಿಗೆ ಹತ್ತು ಸಲ ತಿದ್ದುತ್ತೇನೆ. ಆದರೆ ಅದೇ ದಿನ ಬೆಳಿಗ್ಗೆಯಿಂದ ಎಷ್ಟೋ ಮಕ್ಕಳು ತ್ಯಾಗರಾಜರ ಕೃತಿಗಳ ತೆಲುಗನ್ನು ಕನ್ನಡದ ನಾಲಿಗೆಯಲ್ಲಿ ಮುರಿದು ಮುರಿದು ಹಾಡಿದ್ದರು. ನಮಗ್ಯಾರಿಗೂ ಅದು ಕಿವಿಗೇ ಬೀಳಲಿಲ್ಲ. ಯಾಕೆಂದರೆ ನಾವೂ ಹಾಗೇ ಹಾಡಿ ಬೆಳೆದವರು. ಹಕಾರ ಅಕಾರ ಮಾತ್ರ ತಟ್ಟನೆ ಕೇಳಿಸಿತು. ಮೂವರೂ ಒಂದೇ ಬಗೆಯ ಮನೆಗಳಿಂದ ಬಂದವರು. ನನ್ನದು ಬ್ರಾಹ್ಮಣ ಮನೆ, ಹುಟ್ಟುವ ಮೊದಲೇ ನಡುಮನೆಯಲ್ಲಿ ತಂಬೂರಿ ಇತ್ತು. ಆ ಮೇಜಿನ ಹಿಂದೆ ಓಲಗದ ಮನೆಯವರೊಬ್ಬರು, ಹಳ್ಳಿ ಶಾಲೆಯಿಂದ ಬಂದವರೊಬ್ಬರು ಕೂತಿದ್ದರೆ ಆ ಹುಡುಗಿಯ ತಾಳವೇ ಮೊದಲು ಕೇಳಿಸುತ್ತಿತ್ತು, ನಾಲಿಗೆ ಆಮೇಲೆ.

"ಸಂಗೀತಕ್ಕೆ ಜಾತಿ ಇಲ್ಲ" ಎಂಬ ಮಾತನ್ನು ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಸ್ವರಕ್ಕೆ ಇಲ್ಲ, ಒಪ್ಪುತ್ತೇನೆ. ಪಠ್ಯ ಯಾವುದು, ಅಂಕ ಎಷ್ಟು, ಪಾಠಕ್ಕೆ ಯಾರನ್ನು ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸುವ ಕುರ್ಚಿಗಳಲ್ಲಿ ಕೂತವರನ್ನು ಒಮ್ಮೆ ನೋಡಿ. ಕಲಿಯಲು ಬರುವ ಮಕ್ಕಳು ಈಗ ಎಲ್ಲ ಕಡೆಯಿಂದ ಬರುತ್ತಿದ್ದಾರೆ. ಕುರ್ಚಿಯ ಕಡೆ ಮಾತ್ರ ಅದೇ ಮನೆಗಳು, ಅದೇ ಮುಖಗಳು, ಅದರಲ್ಲೂ ಹೆಚ್ಚಿನವರು ಗಂಡಸರು.

ಬೇರೆಯವರಿಗೂ ಆ ಕುರ್ಚಿ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಮಾದರಿ ಹುಡುಕಿಕೊಂಡು ನಾವು ಬಹಳ ದೂರ ಹೋಗಬೇಕಾಗಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಅಲ್ಲಿನ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಆ ಮಗುವನ್ನು ಕೈಹಿಡಿದು ಸಂಗೀತಕ್ಕೆ ಹಚ್ಚಿದರು. ದೊಡ್ಡವರಾದ ಮೇಲೆ ಅವರು ತಾವೇ ಗುರುವಾಗಿ, ಅಂಧ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಸೇರಿಸಿಕೊಂಡು ಅನ್ನ ಹಾಕಿ ಪಾಠ ಹೇಳಿದರು. 1944ರಲ್ಲಿ ಅವರು ಹೋದ ಮೇಲೆ ಆ ಪೀಠಕ್ಕೆ ಬಂದವರು ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. 2010ರವರೆಗೆ, ಅಂದರೆ 66 ವರ್ಷ, ಅವರು ಆಶ್ರಮ ನಡೆಸಿದರು. ಖರ್ಚಿಗೆ ದುಡ್ಡು ಸಾಲದಿದ್ದಾಗ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು.

ಅಲ್ಲಿ ನಾನು ಮುಖ್ಯವಾಗಿ ಕಾಣುವುದು ದಯೆಯನ್ನಲ್ಲ. ದಯೆ ಇತ್ತು, ಅದು ದೊಡ್ಡದೇ. ಆದರೆ ನಡೆಸುವವರಿಗೇ ಕಣ್ಣಿಲ್ಲದಿದ್ದುದರಿಂದ "ಕಣ್ಣಿಲ್ಲದವರು ಹೇಗೆ ಕಲಿಯುತ್ತಾರೆ" ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಪಾಠ ಕಿವಿಯಿಂದ ಕಿವಿಗೆ ಹೋಯಿತು, ಎಲ್ಲರಿಗೂ ಹಾಗೇ ಹೋಯಿತು. ನನ್ನ ತರಗತಿಗೆ ಹಿಂದೊಮ್ಮೆ ಕಣ್ಣು ಕಾಣದ ಹುಡುಗನೊಬ್ಬ ಬಂದಾಗ ನಾನು ಮೊದಲು ಯೋಚಿಸಿದ್ದು "ಬೋರ್ಡಿನ ಮೇಲಿನ ಸ್ವರಗಳನ್ನು ಹೇಗೆ ಬರೆದುಕೊಳ್ಳುತ್ತಾನೆ" ಎಂದು. ಇಷ್ಟು ವರ್ಷ ಪಾಠ ಹೇಳಿದ ನನಗೆ ಬೋರ್ಡು ಬಿಟ್ಟು ಬೇರೆ ದಾರಿ ಹೊಳೆದಿರಲಿಲ್ಲ! ಕಲಿಸುವ ಕ್ರಮವನ್ನು ಯಾರು ಕಟ್ಟುತ್ತಾರೋ ಅವರ ಮೈಗೆ ಒಗ್ಗುವಂತೆ ಅದು ಇರುತ್ತದೆ. ಗುಣಮಟ್ಟ ಇಳಿಯುತ್ತದೆ ಎಂದು ಆತಂಕಪಡುವವರು ಇದೇ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು ಅವರ ಹಾಡನ್ನು ಒಮ್ಮೆ ಕೇಳಲಿ.

ಇನ್ನೊಂದು ನೆನಪು ಗಂಗೂಬಾಯಿ ಹಾನಗಲ್ಲರದು. ಧಾರವಾಡದ ಬೀದಿಯಲ್ಲಿ ಅವರನ್ನು 'ಗಾನೇವಾಲಿ' (ಹಾಡುವವಳು) ಎಂದು ಹಂಗಿಸಿದ ಜನರಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ಅವರಿಗೆ 11 ವರ್ಷ. ಹಾಡಿಗಿಂತ ಹೆಚ್ಚಾಗಿ ಊಟದ ಹೊತ್ತಿನಲ್ಲಿ ತನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೋ ಎಂಬ ಅಳುಕು ಆ ಮಗುವಿಗೆ. ಪ್ರಾಥಮಿಕ ಶಾಲೆಯಾಚೆ ಓದಿದವರಲ್ಲ. ಅಂಥವರನ್ನು ಕರ್ನಾಟಕ ವಿಶ್ವವಿದ್ಯಾಲಯ ಗೌರವ ಪ್ರಾಧ್ಯಾಪಕರನ್ನಾಗಿ ಕರೆಯಿತು. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಇಂದು ಅವರದೇ ಹೆಸರು. ಅಂಥ ಕಲಾವಿದೆಯೊಬ್ಬಳು ಈಗ ಕಾಯಂ ಹುದ್ದೆಗೆ ಅರ್ಜಿ ಹಾಕಿದರೆ ವಿದ್ಯಾರ್ಹತೆಯ ಕಾಲಂನಲ್ಲಿ ಏನು ಬರೆಯಬೇಕು?

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ನಾವೆಲ್ಲ ಫೋಟೋ ಹಾಕಿ ಸಂಭ್ರಮಿಸಿದೆವು. ಅವರಂಥ ಒಬ್ಬರು ಲಯದ ಪಠ್ಯ ರೂಪಿಸುವ ಸಮಿತಿಯಲ್ಲಿ ಯಾಕಿರಬಾರದು ಎಂದು ಕೇಳಿದರೆ ಮಾತ್ರ "ಡಿಗ್ರಿ ಇಲ್ಲವಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆನ್ನುವವರಿಗೆ ಒಂದು ವಿಷಯ ನೆನಪಿಸಬೇಕು. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ದಾರಿ ತೆರೆದಿದೆ. ಕ್ಷೇತ್ರದಲ್ಲಿ ನುರಿತವರಿಗೆ ಅದರಲ್ಲಿ ಪದವಿ ಕಡ್ಡಾಯವಲ್ಲ, ಪಠ್ಯ ರೂಪಿಸುವುದರಲ್ಲೂ ಅವರು ಕೈಜೋಡಿಸಬಹುದು. ಅದು ಕೆಲವೇ ವರ್ಷಗಳ ಹುದ್ದೆ ನಿಜ, ಆದರೂ ದಾರಿ ಇದೆಯಲ್ಲ.

ಕುರ್ಚಿ ಕೊಡಬಹುದು ಎಂದು ನಮ್ಮ ರಾಜ್ಯ ಒಮ್ಮೆ ತೋರಿಸಿಯೂ ಇದೆ. 2019ರಲ್ಲಿ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಮನೆಯವರಿಂದ ದೂರವಾಗಿ ಭಿಕ್ಷೆ ಬೇಡಿ ಬದುಕಿದ, ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ. ಆಮೇಲೆ ಬಂದ ಪದ್ಮಶ್ರೀ, ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ಗಳಿಗೆ ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದು ಆ ಅಧ್ಯಕ್ಷಗಿರಿ. ಪ್ರಶಸ್ತಿ ತೆಗೆದುಕೊಂಡವರು ವೇದಿಕೆ ಇಳಿದು ಮನೆಗೆ ಹೋಗುತ್ತಾರೆ. ಅಧ್ಯಕ್ಷರು ಕಡತಕ್ಕೆ ಸಹಿ ಹಾಕುತ್ತಾರೆ.

ಹೆಂಗಸರ ಮಾತಿಗೆ ಬಂದರೆ, ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮಿಳುನಾಡಿನ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಸಂಪಾದನೆ ಸುರಿದು ಗುಡಿ ಕಟ್ಟಿಸಿದರು. ಅದೇ ಊರಿನಲ್ಲಿ ತ್ಯಾಗರಾಜರ ನೆನಪಿಗೆ ವರ್ಷವರ್ಷ ನಡೆಯುವ ಆರಾಧನೆಯಲ್ಲಿ ಹೆಂಗಸರಿಗೆ ಆಗ ಹಾಡಲು ಅವಕಾಶವಿರಲಿಲ್ಲ. ಆಕೆ ಬೇಡುತ್ತಾ ಕೂರಲಿಲ್ಲ, ಹೆಂಗಸರದೇ ಆರಾಧನೆ ಶುರುಮಾಡಿದರು. ನೂರು ವರ್ಷ ಆಗುತ್ತಾ ಬಂತು. ನಮ್ಮ ಕಾಲದಲ್ಲೂ ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್ ಅವರ ಜೊತೆ ಕೂತು ನುಡಿಸಲು ಒಪ್ಪದ ಮೃದಂಗದವರಿದ್ದರು. ಅವರೂ ಹೆಂಗಸರ ತಂಡವನ್ನೇ ಕಟ್ಟಿದರು. ಪ್ರತಿ ಸಲ ನಾವೇ ಬೇರೆ ಮನೆ ಕಟ್ಟಿಕೊಳ್ಳಬೇಕೇ? ನಾನು ನೋಡಿದ ತಾಳವಾದ್ಯದ ಪರೀಕ್ಷೆಗಳಲ್ಲಿ ಹೆಣ್ಣುಮಕ್ಕಳು ಮೃದಂಗ ಹಿಡಿದು ಬರುತ್ತಿದ್ದಾರೆ, ಎದುರಿಗೆ ಕೂತ ಪರೀಕ್ಷಕರಲ್ಲಿ ಒಬ್ಬ ಹೆಂಗಸನ್ನೂ ಕಂಡಿಲ್ಲ.

ಮೊನ್ನೆ ಈ ವರ್ಷದ ಪರೀಕ್ಷೆಗೆ ಮತ್ತೆ ಪತ್ರ ಬಂತು. ನನಗೆ ಗೊತ್ತಿರುವ ಮೃದಂಗದ ಮೇಷ್ಟ್ರೊಬ್ಬರಿದ್ದಾರೆ, ಹೆಣ್ಣುಮಗಳು. ಅವರ ತಂದೆ ಮದುವೆ ಮನೆಗಳಲ್ಲಿ ಡೋಲು ನುಡಿಸುತ್ತಿದ್ದವರು. ಮಾತಾಡಿದೆ. "ನನ್ನನ್ನ ಯಾರು ಕರೀತಾರೆ ಅಕ್ಕ?" ಅಂದರು, ಆಮೇಲೆ ಒಪ್ಪಿದರು. ಮೂರನೇ ಕುರ್ಚಿಗೆ ಅವರನ್ನು ಕರೆಯಬೇಕು, ಪೂರ್ತಿ ಅಂಕ ಹಾಕುವ ಅಧಿಕಾರದೊಂದಿಗೆ, ಹಾಗೆಯೇ "ಮನೆಯಲ್ಲಿ ಯಾರಿಗೆ ಸಂಗೀತ ಬರುತ್ತದೆ" ಎಂದು ಯಾವ ಮಗುವನ್ನೂ ಪರೀಕ್ಷೆಯ ಕೋಣೆಯಲ್ಲಿ ಕೇಳಕೂಡದೆಂದು ಪರೀಕ್ಷಕರಿಗೆ ಬರೆದು ತಿಳಿಸಬೇಕು ಎಂದು ಉತ್ತರ ಬರೆದಿದ್ದೇನೆ. ಜಾಗ ಇಲ್ಲವೆಂದರೆ ನನ್ನದನ್ನೇ ಅವರಿಗೆ ಕೊಡಿ ಎಂದೂ ಸೇರಿಸಿದ್ದೇನೆ. ಪತ್ರ ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಹೋಗಿದೆ.