ಕ್ಯಾಪ್ ಹಾಕಿಸಿದ ಹಲ್ಲನ್ನೂ ಉಜ್ಜಬೇಕು

"ಹಲ್ಲಿಗೆ ಕ್ಯಾಪ್ ಹಾಕಿಸಿದರೆ ಮುಗಿಯಿತು, ಮತ್ತೆ ಹುಳುಕು ಹಿಡಿಯಲ್ಲ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಹುಳುಕು ಹಿಡಿಯದಿರುವುದು ಕ್ಯಾಪ್‌ಗೆ ಮಾತ್ರ. ಒಳಗಿರುವುದು ನಿಮ್ಮದೇ ಹಲ್ಲು ಅಲ್ವಾ? ಕ್ಯಾಪ್ ಮತ್ತು ವಸಡು ಸೇರುವ ಅಂಚನ್ನು ಕನ್ನಡಿಯಲ್ಲಿ ನೋಡಿ. ಬಿಳಿ ಲೋಳೆ ಕೂರುವುದು ಅಲ್ಲೇ, ಹುಳುಕು ಒಳಗೆ ನುಸುಳುವುದೂ ಅಲ್ಲಿಂದಲೇ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರ ಇರುವುದಿಲ್ಲ, ಹಾಗಾಗಿ ನೋವು ಬೇಗ ಗೊತ್ತಾಗುವುದಿಲ್ಲ. ನನಗೆ ಜಾಸ್ತಿ ಭಯ ಇದರದ್ದೇ.

ಫ್ಲೋರೈಡ್ ಇರುವ ಪೇಸ್ಟ್ ಹಾಕಿ, ಮೆದು ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ದಿನಕ್ಕೆ 2 ಸಲ 2 ನಿಮಿಷ ಉಜ್ಜಿ. ಸಂದಿಯಲ್ಲಿ ಫ್ಲಾಸ್ ದಾರ ಆಡಿಸಿ. ತಾತ್ಕಾಲಿಕ ಕ್ಯಾಪ್ ಇದ್ದಾಗ ಮಾತ್ರ ದಾರವನ್ನು ಬಂದ ದಾರಿಯಲ್ಲೇ ಎಳೆಯಬೇಡಿ, ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಇಲ್ಲದಿದ್ದರೆ ಕ್ಯಾಪೇ ಕಿತ್ತು ಬರಬಹುದು.