ಮಾವು ಎಲ್ಲಿ ಹೋಯ್ತು?

"ಚೆನ್ನಾಗಿದೆ. ಆದ್ರೆ ಮಾವು ಎಲ್ಲಿ?" ಪಕ್ಕದ ಮನೆಯವರು ಒಂದು ಗುಟುಕು ಕುಡಿದು ಹೀಗೆ ಕೇಳಿದಾಗ ನನ್ನ ಮುಖ ಸಣ್ಣಗಾಯಿತು.

ಇಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಮನೆಯಲ್ಲೇ ಬಿಯರ್ ಮಾಡೋದು ನಮ್ಮಲ್ಲಿ ಹಪ್ಪಳ ಒತ್ತಿದ ಹಾಗೆ. ನಾನೂ 19 ಲೀಟರ್ ಗೋಧಿ ಬಿಯರ್ ಮಾಡಿದ್ದೆ. ಇಂಡಿಯನ್ ಅಂಗಡಿಯಿಂದ 850 ಗ್ರಾಮಿನ ಎರಡು ಡಬ್ಬಿ ಆಪೂಸ್ ತಿರುಳು ತಂದು, ಯೀಸ್ಟ್ ಜೊತೆಗೇ ಸುರಿದಿದ್ದೆ. (ರಸಪುರಿ ಸಿಕ್ಕಿದ್ದರೆ ಬಿಯರಿಗೆ ಯಾಕೆ ಹಾಕುತ್ತಿದ್ದೆ, ಸೀಕರಣೆ ಮಾಡುತ್ತಿದ್ದೆ.)

ಅವರು ನಗಲಿಲ್ಲ. ಮನೆಗೆ ಹೋಗಿ ತಮ್ಮ ನೋಟ್‌ಬುಕ್ ತಂದರು. ಹಣ್ಣಿನ ಸಿಹಿಯನ್ನು ಯೀಸ್ಟ್ ತಿಂದುಬಿಡುತ್ತದಂತೆ. ಉಳಿಯೋದು ಹುಳಿ ಮತ್ತು ಘಮ. ಮೊದಲ ದಿನವೇ ಹಾಕಿದರೆ ಆ ಘಮವೂ ಗ್ಯಾಸಿನ ಜೊತೆ ಹಾರಿಹೋಗುತ್ತದೆ. ನೊರೆಯ ಅಬ್ಬರ ಇಳಿದ ಮೇಲೆ, ಒಂದು ವಾರ ಬಿಟ್ಟು ಹಾಕಬೇಕು. ಎರಡು ಡಬ್ಬಿ ಸಾಲದು, ಮೂರಾದರೂ ಬೇಕು. ತಾಜಾ ಹಣ್ಣಾದರೆ ಫ್ರೀಜರಿನಲ್ಲಿಟ್ಟು ಕರಗಿಸಿದರೆ ರಸ ಚೆನ್ನಾಗಿ ಬಿಡುತ್ತದೆ. ಕುದಿಸಿದರೆ ಹಣ್ಣು ಪೆಕ್ಟಿನ್ ಅನ್ನೋ ಅಂಟು ಬಿಟ್ಟು ಬಿಯರ್ ಮಬ್ಬಾಗುತ್ತದೆ. ಕೊನೆಗೆ, ಕೆಟ್ಟುಹೋದ ಅವರ ರಾಸ್‌ಬೆರಿ ಬಿಯರಿನ ಪುಟವನ್ನೂ ತೋರಿಸಿದರು. ತಾರೀಖು, ತೂಕ, ತಪ್ಪು, ಎಲ್ಲ ಇತ್ತು.

ಆಗ ಮಡಿಕೇರಿಯ ದೊಡ್ಡಮ್ಮ ನೆನಪಾದರು. ಅವರ ನೆಲ್ಲಿಕಾಯಿ ವೈನಿಗೆ ನೆಂಟರೆಲ್ಲ ಸಾಲು ನಿಲ್ಲುತ್ತಿದ್ದರು. "ಸಕ್ಕರೆ ಎಷ್ಟು ದೊಡ್ಡಮ್ಮ?" "ಅಂದಾಜಿಗೆ ಹಾಕೋದು ಮಗಾ." "ಎಷ್ಟು ದಿನ ಇಡಬೇಕು?" "ಆದಾಗ ಗೊತ್ತಾಗುತ್ತೆ." ಮನೆ ಸೊಸೆಗೂ ಬಾಯಿ ಬಿಡಲಿಲ್ಲ. ಅವರು ಹೋದರು, ಜೊತೆಗೆ ವೈನೂ ಹೋಯಿತು. ಪಕ್ಕದ ಮನೆಯ ಪರದೇಶಿ ತನ್ನ ಸೋಲನ್ನೂ ಬಿಚ್ಚಿ ತೋರಿಸುತ್ತಾನೆ, ನಮ್ಮವರು ಗೆಲುವನ್ನೂ ಬಚ್ಚಿಡುತ್ತಾರೆ. ಸಿಟ್ಟು ಬರಲ್ವಾ?

ಸುಮ್ನೆ ಬೈಯೋದೂ ತಪ್ಪು ಅನ್ನಿ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ, ಇಲ್ಲಿ ಇಬ್ಬರು ದೊಡ್ಡವರಿರುವ ಮನೆ ವರ್ಷಕ್ಕೆ 200 ಗ್ಯಾಲನ್ (ಸುಮಾರು 757 ಲೀಟರ್) ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡೋ ಹಾಗಿಲ್ಲ. ಬರೆದಿಟ್ಟರೆ ಅಬಕಾರಿಯವರಿಗೆ ನಾವೇ ಸಾಕ್ಷಿ ಕೊಟ್ಟಂತೆ. ದೊಡ್ಡಮ್ಮ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದದ್ದು ಜಿಪುಣತನಕ್ಕಲ್ಲ. ಇನ್ನೊಂದು, ಅವರ ಒಂದು ಭರಣಿಯೂ ಕೆಟ್ಟದ್ದು ನಾನು ಕಂಡಿಲ್ಲ. ಒದ್ದೆ ಕೈಯಲ್ಲಿ ಯಾರಾದರೂ ಹತ್ತಿರ ಹೋದರೆ ಸೌಟು ಏಳುತ್ತಿತ್ತು.

ಮೊನ್ನೆ ಅತ್ತಿಗೆಗೆ ಫೋನ್ ಮಾಡಿದೆ. "ದೊಡ್ಡಮ್ಮ ಮಾಡುವಾಗ ನೀವು ಪಕ್ಕದಲ್ಲೇ ಇರ್ತಿದ್ರಲ್ಲ, ಏನೂ ನೋಡಿಲ್ವಾ?"

"ಎಲ್ಲಾ ನೋಡಿದ್ದೀನಿ," ಅಂದರು. "ಆದ್ರೆ ಹೇಳಲ್ಲ."